ಕಸಿ ನೆಲ್ಲಿ ಗಿಡ: ಏಳು ವರ್ಷ ಕಾದು ಬರೆದ ವಿಮರ್ಶೆ

2017ರ ಜೂನ್ ಮೊದಲ ವಾರ, ಮಳೆ ಬಲವಾಗಿ ಹಿಡಿಯುವ ಮುನ್ನ, ಕುಶಾಲನಗರದ ಕಡೆಯ ಒಂದು ಖಾಸಗಿ ನರ್ಸರಿಯಿಂದ ನಾಲ್ಕು ಕಸಿ ನೆಲ್ಲಿ ಗಿಡಗಳನ್ನು ತಂದು ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ಕಾಫಿ ತೋಟದಲ್ಲಿ ನೆಟ್ಟಿದ್ದೆ. ಗಿಡವೊಂದಕ್ಕೆ 120 ರೂಪಾಯಿ. ಎರಡು ಎನ್‌ಎ-7 ತಳಿಯವು, ಎರಡು ಕೃಷ್ಣ ತಳಿಯವು ಎಂದು ಹೇಳಿ ಕೊಟ್ಟರು. ಇಷ್ಟು ವರ್ಷ ಕಳೆದ ಮೇಲೆ ಅದರ ವಿಮರ್ಶೆ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಸೌತೆ, ಬೀನ್ಸ್‌ಗಳ ಬೀಜವಾದರೆ ಎರಡೇ ತಿಂಗಳಲ್ಲಿ ತನ್ನ ಯೋಗ್ಯತೆಯನ್ನು ತಾನೇ ಹೇಳಿಬಿಡುತ್ತದೆ. ನೆಲ್ಲಿಯ ವಿಷಯದಲ್ಲಿ ಕಾಯಿ ಹಿಡಿಯುವವರೆಗೆ ಕೊಂಡವನಿಗೂ ಮಾರಿದವನಿಗೂ ನಂಬಿಕೆಯೇ ಆಧಾರ. ನರ್ಸರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಗಿಡಗಳು ನೋಡಲು ಚೆನ್ನಾಗಿದ್ದವು. ಸುಮಾರು ಎರಡಡಿ ಎತ್ತರ, ಕಪ್ಪು ಪ್ಯಾಕೆಟ್ಟಿನ ತುಂಬ ಬೇರು, ತುದಿಯಲ್ಲಿ ಗರಿಯಂಥ ಎಳೆಯ ಎಲೆ. ಬುಡದಿಂದ ಒಂದು ಗೇಣಿನಷ್ಟು ಮೇಲೆ ಕಣ್ಣು ಕಸಿ (ಒಳ್ಳೆಯ ತಳಿಯ ಚಿಗುರುಕಣ್ಣನ್ನು ಸಾಮಾನ್ಯ ಸಸಿಯ ಕಾಂಡಕ್ಕೆ ಕೂಡಿಸುವುದು) ಮಾಡಿದ ತೇಪೆಯ ಗುರುತು ಮೂರು ಗಿಡಗಳಲ್ಲಿ ಸ್ಪಷ್ಟವಾಗಿತ್ತು. ನಾಲ್ಕನೆಯದರಲ್ಲಿ ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅದನ್ನು ಅಲ್ಲಿಯೇ ಬಿಚ್ಚಿಸಿ ನೋಡದೆ ಬಂದದ್ದು ನನ್ನ ತಪ್ಪು. ತಳಿಯ ಹೆಸರನ್ನು ರಟ್ಟಿನ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದು ದಾರದಿಂದ ಕಟ್ಟಿದ್ದರು. ಕೊಡಗಿನ ಜೂನ್ ತಿಂಗಳಿಗೆ ಬಾಲ್‌ಪೆನ್ನಿನ ಅಕ್ಷರ! ಹದಿನೈದು ದಿನಗಳಲ್ಲಿ ದಾರ ಮಾತ್ರ ಉಳಿದಿತ್ತು.

ಮಾರುವಾಗ ಅವರು ಮೂರು ಮಾತು ಹೇಳಿದ್ದರು: ಗಿಡ ಎಲ್ಲ ಬಗೆಯ ಜಾಗಕ್ಕೂ ಒಗ್ಗುತ್ತದೆ, ಒಂದೇ ಗಿಡ ನೆಟ್ಟರೂ ಸಾಕು, ಮೂರನೆಯ ವರ್ಷಕ್ಕೆ ಕಾಯಿ ಖಚಿತ.

ಮೊದಲ ಮಾತು ಆ ವರ್ಷದ ಜುಲೈನಲ್ಲೇ ಸುಳ್ಳಾಯಿತು. ಕಣದ ಕೆಳಗಿನ ತಗ್ಗಿನಲ್ಲಿ ನೆಟ್ಟ ಒಂದು ಕೃಷ್ಣ ಗಿಡ, ಗುಂಡಿಯಲ್ಲಿ ನೀರು ನಿಂತು, ಎಲೆ ಹಳದಿಯಾಗಿ ಸತ್ತಿತು. ನೆಲ್ಲಿ ಬಡ ಮಣ್ಣನ್ನು ಸಹಿಸುತ್ತದೆ, ಬಿಸಿಲಿನ ಬೇಗೆಯನ್ನೂ ಸಹಿಸುತ್ತದೆ, ಬುಡದಲ್ಲಿ ನಿಂತ ನೀರನ್ನು ಮಾತ್ರ ಸಹಿಸುವುದಿಲ್ಲ. ಕಾಫಿಯ ನಡುವೆ ನೆರಳಿನ ಮರವಾಗಿ ನೆಟ್ಟರೆ ಆಗುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಪೂರ್ತಿ ಬಿಸಿಲು ಬೇಕಾಗಿರುವುದರಿಂದ ಸಿಲ್ವರ್ ಓಕ್, ಹಾಲುವಾಣಗಳ ಕೆಳಗೆ ನೆಟ್ಟರೆ ಬೆಳಕನ್ನು ಹುಡುಕಿ ಸೊರಗಿ ಉದ್ದಕ್ಕೆ ಹೋಗುತ್ತದೆ. ಬೇಲಿಯಂಚು, ಕಣದ ಬದಿ, ನೀರು ಇಳಿದುಹೋಗುವ ಏರು ಜಾಗವೇ ಇದಕ್ಕೆ ಸರಿ.

ಒಂದೇ ಗಿಡ ಸಾಕೆಂಬುದೂ ಅರ್ಧ ಸತ್ಯ. ನೆಲ್ಲಿಯ ಹೂವು ತನ್ನದೇ ತಳಿಯ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲವಾದ್ದರಿಂದ ಎರಡು ತಳಿಗಳನ್ನು ಹತ್ತಿರ ಹತ್ತಿರ ನೆಡುವುದು ವಾಡಿಕೆ. ಇದನ್ನು ಮೊದಲೇ ತಿಳಿದಿದ್ದರಿಂದಲೇ ನಾನು ಎರಡು ತಳಿ ಕೇಳಿದ್ದು. ಇವೆರಡೂ ಉತ್ತರ ಪ್ರದೇಶದ ಕುಮಾರಗಂಜ್‌ನ ನರೇಂದ್ರ ದೇವ ಕೃಷಿ ವಿಶ್ವವಿದ್ಯಾಲಯದಲ್ಲಿ ಆಯ್ದು ತೆಗೆದವು. ಎನ್‌ಎ-7 ಫ್ರಾನ್ಸಿಸ್ ಎಂಬ ಹಳೆಯ ತಳಿಯ ಬೀಜದಿಂದಲೂ, ಕೃಷ್ಣ ಬನಾರಸಿಯ ಬೀಜದಿಂದಲೂ ಹುಟ್ಟಿದ್ದು.

ಇನ್ನು ಮೂರನೆಯ ವರ್ಷದ ಕಾಯಿ. ಮೊದಲ ಕಾಯಿ ಕಂಡದ್ದು ನಾಲ್ಕನೆಯ ವರ್ಷ, 2021ರಲ್ಲಿ, ಅದೂ ಬೆರಳೆಣಿಕೆಯಷ್ಟು. ಇದನ್ನು ನಾನು ನರ್ಸರಿಯವರ ದೋಷವೆನ್ನುವುದಿಲ್ಲ; ಕಸಿ ಗಿಡ ನಾಲ್ಕೈದು ವರ್ಷ ತೆಗೆದುಕೊಳ್ಳುವುದು ಸಹಜ. ಆದರೆ ಹೂವಿಗೂ ಕಾಯಿಗೂ ನಡುವಿನ ಅವಧಿಯ ಬಗ್ಗೆ ಅವರು ಒಂದು ಮಾತು ಹೇಳಿದ್ದರೆ ನನಗೆ ಉಪಕಾರವಾಗುತ್ತಿತ್ತು. ಫೆಬ್ರುವರಿಯಲ್ಲಿ ಎಲೆ ಉದುರಿ, ಕಾಫಿಯ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವ ಹೊತ್ತಿಗೆ ಹೊಸ ಚಿಗುರಿನ ಬುಡದಲ್ಲೆಲ್ಲ ಸಾಸಿವೆಗಿಂತ ತುಸು ದೊಡ್ಡದಾದ ಹಳದಿ-ಹಸಿರು ಹೂ ಬರುತ್ತದೆ. ಆಮೇಲೆ ಏನೂ ಕಾಣುವುದಿಲ್ಲ. ಕಟ್ಟಿದ ಕಾಯಿ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ ತಿಂಗಳುಗಟ್ಟಲೆ ನಿದ್ರಿಸಿ, ಮಳೆಗಾಲ ಚೆನ್ನಾಗಿ ಹಿಡಿದ ಮೇಲೆ ಒಮ್ಮೆಲೇ ಊದಲು ತೊಡಗುತ್ತದೆ. ಇದು ತಿಳಿಯದೆ, ಒಂದು ಮೇ ತಿಂಗಳಿನಲ್ಲಿ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಬಂದವರಿಗೆ ಈ ಬಂಜೆ ಗಿಡಗಳನ್ನೂ ಕಡಿದುಬಿಡಿ ಎಂದು ಹೇಳಿಬಿಟ್ಟಿದ್ದೆ. ಅವರಲ್ಲೊಬ್ಬ ಹಿರಿಯರು ಕೊಂಬೆಯನ್ನು ಬಾಗಿಸಿ, ಉಗುರಿನ ತುದಿಯಿಂದ ಒಂದು ಚುಕ್ಕೆಯನ್ನು ತೋರಿಸಿ, "ಕಾಯಿ ಉಂಟಲ್ಲ ಸಾರ್, ಮಳೆಗೆ ಕಾಯ್ತಾ ಉಂಟು" ಎಂದರು.

ಉಳಿದ ಕೃಷ್ಣ ಗಿಡ ನಿಜವಾದ ಕೃಷ್ಣವೇ. ಅಕ್ಟೋಬರ್ ಕೊನೆಗೆ ಬಲಿಯುವ ಅದರ ಕಾಯಿಯ ಕೆನ್ನೆಯ ಮೇಲೆ ತೆಳುವಾದ ಕೆಂಪು ಛಾಯೆ ಇರುತ್ತದೆ. ಒಂದು ಎನ್‌ಎ-7 ಕೂಡ ಹೇಳಿದಂತೆಯೇ ಬಂದಿದ್ದು, ಕಿಲೋಗೆ ಇಪ್ಪತ್ತನಾಲ್ಕು ಕಾಯಿ ತೂಗುತ್ತದೆ. ಈ ಮರದ ಕೊಂಬೆ ಬಹಳ ಬೇಗ ಮುರಿಯುವಂಥದ್ದು. 2023ರಲ್ಲಿ ಕಾಯಿಯ ಭಾರಕ್ಕೆ ಒಂದು ದೊಡ್ಡ ರೆಂಬೆ ಬುಡದಿಂದ ಸೀಳಿಹೋದ ಮೇಲೆ, ಸೆಪ್ಟೆಂಬರ್‌ನಲ್ಲೇ ಕವಲುಕೋಲು ಕೊಡುವುದನ್ನು ರೂಢಿಸಿಕೊಂಡಿದ್ದೇನೆ. ಅದೇ ವರ್ಷ ಕೆಲವು ಕಾಯಿಗಳನ್ನು ಹೆಚ್ಚಿದಾಗ ಬೀಜದ ಸುತ್ತಲಿನ ತಿರುಳು ಕಂದಾಗಿತ್ತು. ಅದಕ್ಕೆ ಗಿಡವನ್ನು ದೂರಬೇಕಾಗಿಲ್ಲ. ನಮ್ಮ ಮಳೆಗೆ ಮಣ್ಣಿನಿಂದ ಬೋರಾನ್ ಎಂಬ ಪೋಷಕಾಂಶ ತೊಳೆದುಹೋಗುತ್ತದೆ, ಈ ಕಲೆ ಅದರ ಕೊರತೆಯದು. ಲೀಟರ್ ನೀರಿಗೆ ಬೋರಾನ್ ಇರುವ ಬೋರಾಕ್ಸ್ ಪುಡಿಯನ್ನು ಆರು ಗ್ರಾಂ ಬೆರೆಸಿ ಸೆಪ್ಟೆಂಬರ್, ಅಕ್ಟೋಬರ್‌ನ ಬಿಡುವು ದಿನಗಳಲ್ಲಿ ಸಿಂಪಡಿಸಿದ ಮೇಲೆ ಕಲೆ ಬಹುಮಟ್ಟಿಗೆ ನಿಂತಿದೆ.

ನನ್ನ ನಿಜವಾದ ತಕರಾರು ಇರುವುದು ಪಟ್ಟಿ ಬಿಚ್ಚದಿದ್ದ ಆ ನಾಲ್ಕನೆಯ ಗಿಡದ ಬಗ್ಗೆ. ಎರಡನೆಯ ವರ್ಷ ಅದು ಉಳಿದವುಗಳಿಗಿಂತ ಭರದಿಂದ ಬೆಳೆದದ್ದನ್ನು ಕಂಡು ನಾನು ಹಿಗ್ಗಿದ್ದೆ. 2023ರ ನವೆಂಬರ್‌ನಲ್ಲಿ ಅದರ ಮೊದಲ ಫಸಲು ಬಂದಾಗ ಕಾಯಿ ಗೋಲಿ ಗಾತ್ರವಷ್ಟೇ ಇತ್ತು, ಕಿಲೋಗೆ ನೂರ ಮೂವತ್ತರ ಮೇಲೆ. ಬುಡವನ್ನು ಕೆದಕಿ ನೋಡಿದಾಗ, ಕಸಿಯ ಕಣ್ಣು ಒಣಗಿ ಕಪ್ಪು ಗಂಟಾಗಿ ಒಂದು ಪಕ್ಕದಲ್ಲಿ ಕುಳಿತಿತ್ತು. ಅದರ ಕೆಳಗಿನಿಂದ ನೆಟ್ಟಗೆ ಎದ್ದ ಸಸಿಯದೇ ಚಿಗುರು, ಅಂದರೆ ಕಂಬಚಿಗುರೇ, ಮರವಾಗಿ ನಿಂತಿತ್ತು. ಅಂದರೆ ನಾನು 120 ರೂಪಾಯಿ ಕೊಟ್ಟು ಕಾಡುನೆಲ್ಲಿಯ ಸಸಿಯನ್ನು ಸಾಕಿದ್ದೆ. ಕಣ್ಣು ಹಿಡಿದಿದೆಯೇ ಎಂದು ನೋಡಿ ಮಾರುವುದು ನರ್ಸರಿಯ ಮೊದಲ ಕರ್ತವ್ಯ. ಫೋಟೋ ತೋರಿಸಿ ಕೇಳಿದಾಗ ಮಾಲೀಕರು ವಾದ ಮಾಡಲಿಲ್ಲ, ನೆಟ್ಟ ಮೇಲೆ ಕೆಳಗಿನ ಚಿಗುರನ್ನು ನೀವೇ ಮುರಿಯಬೇಕಿತ್ತು ಎಂದಷ್ಟೇ ಹೇಳಿ, ಬದಲಿಗೆ ಇನ್ನೊಂದು ಗಿಡ ಕೊಟ್ಟರು. ಅವರ ಮಾತು ತಪ್ಪಲ್ಲ, ಆದರೆ ಅದನ್ನು ಆರು ವರ್ಷ ಮೊದಲು ಹೇಳಬೇಕಿತ್ತು.

ಆ ಮರವನ್ನು ಕಡಿಯಲು ಮನೆಯಲ್ಲಿ ಒಪ್ಪಲಿಲ್ಲ. ಎನ್‌ಎ-7ರ ದಪ್ಪ ಕಾಯಿ ಉಪ್ಪಿನಕಾಯಿಗೆ, ಮುರಬ್ಬಕ್ಕೆ ಲಾಯಕ್ಕು. ನಾರು ಕಡಿಮೆ, ಹೋಳು ಸಲೀಸಾಗಿ ಬಿಡುತ್ತದೆ. ನೆಲ್ಲಿಚಟ್ಟಿಗೆ ಮಾತ್ರ ನನ್ನ ಹೆಂಡತಿ ಸಣ್ಣ ಕಾಯಿಯನ್ನೇ ಆರಿಸುತ್ತಾಳೆ. ಹಬೆಯಲ್ಲಿ ಬೇಯಿಸಿ, ಬೀಜ ಬಿಡಿಸಿ, ಉಪ್ಪು ಹಚ್ಚಿ, ಕಾಫಿ ಹರವಿದ ಕಣದ ಮೂಲೆಯಲ್ಲಿ ಡಿಸೆಂಬರ್ ಬಿಸಿಲಿಗೆ ಐದು ದಿನ ಒಣಗಿಸಿದರೆ ಅದು ಕಪ್ಪಗೆ ಗಟ್ಟಿಯಾಗಿ ವರ್ಷವಿಡೀ ಉಳಿಯುತ್ತದೆ. ನೆನೆಸಿ, ಜೀರಿಗೆ, ಕಾಯಿತುರಿಯೊಡನೆ ರುಬ್ಬಿ, ಮಜ್ಜಿಗೆ ಬೆರೆಸಿ ಮಾಡಿದ ತಂಬುಳಿಯಲ್ಲಿ ದೊಡ್ಡ ಕಾಯಿಯದು ಬರೀ ಹುಳಿ, ಸಣ್ಣದರದು ಒಗರು ಮತ್ತು ಪರಿಮಳ ಎಂಬುದು ಅವಳ ತೀರ್ಪು. ನನಗೂ ಹಾಗೆಯೇ ಅನಿಸಿದೆ. ಉತ್ಥಾನ ದ್ವಾದಶಿಗೆ ತುಳಸಿಯ ಜೊತೆ ನೆಡಲು ಕಾಯಿಸಹಿತ ಕೊಂಬೆ ಕೇಳಿ ಬರುವ ಅಕ್ಕಪಕ್ಕದವರಿಗೂ ಈ ಮರದಿಂದಲೇ ಕೊಡುತ್ತೇವೆ.

ಕೊಯ್ಲಿನ ಮಾತು ಸ್ವಲ್ಪ. ಅರೇಬಿಕಾ ಕಾಫಿಯ ಕೊಯ್ಲಿನ ಕಾಲವೂ ಇದೇ ಆದ್ದರಿಂದ ನೆಲ್ಲಿಗೆ ಆಳು ಸಿಗುವುದಿಲ್ಲ. ದೋಟಿಯಿಂದ ಬಡಿದು ಉದುರಿಸಿದರೆ ಪೆಟ್ಟಾದ ಕಾಯಿ ಎರಡೇ ದಿನಕ್ಕೆ ಕಪ್ಪಾಗುತ್ತದೆ. ಏಣಿ ಹತ್ತಿ ಕೈಯಿಂದಲೇ ಬಿಡಿಸಬೇಕು. ಮಾರಿ ಲಾಭ ಮಾಡುವ ಆಲೋಚನೆ ಇರುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಲಿ.

ಐದರಲ್ಲಿ ಮೂರು ಅಂಕ. ಗಿಡದ ಆರೋಗ್ಯಕ್ಕೆ, ತಳಿಯ ಆಯ್ಕೆಗೆ, ಬದಲಿ ಕೊಟ್ಟ ಸೌಜನ್ಯಕ್ಕೆ ಒಂದೊಂದು. ಚೀಟಿಗೂ ಕಸಿಯ ತಪಾಸಣೆಗೂ ಸೊನ್ನೆ. ಬದಲಿ ಬಂದ ಗಿಡದ ಪಟ್ಟಿಯನ್ನು ನರ್ಸರಿಯಲ್ಲಿಯೇ ಬಿಚ್ಚಿಸಿ, ಕಣ್ಣಿನಿಂದ ಚಿಗುರು ಹೊರಟದ್ದನ್ನು ನೋಡಿಯೇ ತಂದೆ. ತಗಡಿನ ಚೂರೊಂದರ ಮೇಲೆ ಮೊಳೆಯಿಂದ ತಳಿಯ ಹೆಸರು, ನೆಟ್ಟ ವರ್ಷಗಳನ್ನು ಗೀರಿ ಕಟ್ಟಿದ್ದೇನೆ. ಒಂದು ಮಳೆಗಾಲ ಕಳೆದರೂ ಅಕ್ಷರ ಓದುವಂತಿದೆ.