ವುಡ್‌ಪಿಜನ್ ಬೇಟೆಯ ಆರಂಭಿಕ ಕಿಟ್: ದುಡ್ಡು ಬಲೆಗೆ ಹಾಕಿ, ಮೋಟಾರಿಗಲ್ಲ

ಇಂಗ್ಲೆಂಡಿನ ಬಂದೂಕಿನಂಗಡಿಗಳಲ್ಲಿ ಪಾರಿವಾಳ ಬೇಟೆಗೆ ಹೊಸಬರಿಗೆಂದು ಮಾರುವ ಕಿಟ್‌ಗಳು ಯಾವ ಹೆಸರಲ್ಲಿ ಬಂದರೂ ಚೀಲದೊಳಗಿನ ಸರಕು ಹೆಚ್ಚುಕಡಿಮೆ ಒಂದೇ. ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರದ ಮರೆಬಲೆ. ಎಳೆದು ಉದ್ದ ಮಾಡುವ ನಾಲ್ಕು ಕಂಬ. ಚಿಪ್ಪಿನಾಕಾರದ ಹನ್ನೆರಡು ಪ್ಲಾಸ್ಟಿಕ್ ಡಿಕಾಯ್, ಅಂದರೆ ಹಕ್ಕಿಯನ್ನು ಸೆಳೆಯುವ ಗೊಂಬೆ, ಅವಕ್ಕೆ ಕಡ್ಡಿ. ಬೌನ್ಸರ್ ಎಂಬ ಬಳುಕುವ ಕೋಲು. ಮೇಲಿನ ದರ್ಜೆಯದಾದರೆ ಮ್ಯಾಗ್ನೆಟ್ ಎಂದು ಕರೆಯುವ ತಿರುಗುಯಂತ್ರ, 12 ವೋಲ್ಟ್ ಬ್ಯಾಟರಿ ಕೂಡ ಸೇರುತ್ತವೆ, ಬೆಲೆ ಹತ್ತಿರಹತ್ತಿರ ದುಪ್ಪಟ್ಟಾಗುತ್ತದೆ. ಅಂಗಡಿಯವರು ಮೊದಲು ತೋರಿಸುವುದು ಈ ಯಂತ್ರವನ್ನೇ. ಹೊಸಬರು ಸೋಲುವುದು ಮಾತ್ರ ಯಂತ್ರವಿಲ್ಲದೆ ಅಲ್ಲ. ಬಲೆ ಕಟ್ಟಲು ಬಾರದೆ, ಜಾಗ ನೋಡದೆ. ಹಾಗಾಗಿ ನಮ್ಮ ಸಲಹೆ ನೇರ: ಮ್ಯಾಗ್ನೆಟ್ ಇಲ್ಲದ ಕಿಟ್ ಕೊಳ್ಳಿ, ಉಳಿದ ಹಣದಲ್ಲಿ ಇನ್ನೊಂದು ಬಲೆ, ಗಟ್ಟಿ ಸ್ಟೂಲು, ಒಂದು ದುರ್ಬೀನು ತಂದುಕೊಳ್ಳಿ.

ಇದು ಬ್ರಿಟನ್ನಿಗಷ್ಟೇ ಸಂಬಂಧಿಸಿದ ಮಾತು ಎಂಬುದನ್ನು ಮೊದಲೇ ಹೇಳಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಕಾಡುಹಕ್ಕಿಯ ಶಿಕಾರಿಗೆ ಜಾಗವಿಲ್ಲ. ನಮ್ಮ ಪಶ್ಚಿಮಘಟ್ಟದ ನೀಲಗಿರಿ ಮರಪಾರಿವಾಳವಂತೂ ಸಂಖ್ಯೆಯಲ್ಲಿ ಕುಗ್ಗುತ್ತಿರುವ ಹಕ್ಕಿ. ಇಂಗ್ಲೆಂಡಿನ ವುಡ್‌ಪಿಜನ್ ಕಥೆ ತಿರುವುಮುರುವು. ಅರ್ಧ ಕಿಲೋ ತೂಗುವ, ಕತ್ತಿನಲ್ಲಿ ಬಿಳಿ ಮಚ್ಚೆ, ರೆಕ್ಕೆಗೆ ಬಿಳಿ ಪಟ್ಟಿ ಇರುವ ಈ ಹಕ್ಕಿ ಅಲ್ಲಿ ಲಕ್ಷಗಟ್ಟಲೆ ಇದೆ. ಚಳಿಗಾಲದಲ್ಲಿ ಸಾಸಿವೆ ಜಾತಿಯ ರೇಪ್ ಬೆಳೆಯ ಎಲೆಯನ್ನು ನರ ಮಾತ್ರ ಉಳಿಸಿ ತಿನ್ನುತ್ತದೆ. ವಸಂತದಲ್ಲಿ ಬಿತ್ತಿದ ಬಟಾಣಿ, ಬೇಸಿಗೆಯಲ್ಲಿ ಮಳೆಗೆ ಮಲಗಿದ ಬಾರ್ಲಿ, ಕೊಯ್ಲಾದ ಮೇಲೆ ಕೂಳೆಯಲ್ಲಿ ಉದುರಿದ ಕಾಳು, ಹೀಗೆ ಅದರ ವರ್ಷ ಸಾಗುತ್ತದೆ.

ಆದರೂ ಮನಸ್ಸು ಬಂದಾಗ ಹೊಡೆಯಬಹುದು ಎಂದಲ್ಲ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಎಲ್ಲ ಕಾಡುಹಕ್ಕಿಗೂ ರಕ್ಷಣೆ ಇದೆ. ಇಂಗ್ಲೆಂಡಿನಲ್ಲಿ ಬೆಳೆ ಉಳಿಸಿಕೊಳ್ಳಲು ಕೊಟ್ಟಿರುವ ವಿನಾಯಿತಿಯ ಹೆಸರು ಜಿಎಲ್42 ಎಂಬ ಸಾಮಾನ್ಯ ಪರವಾನಗಿ. ಅದಕ್ಕೆ ಅರ್ಜಿ ಬೇಡ, ಓದಿ ಅದರ ಷರತ್ತಿಗೆ ಒಳಪಟ್ಟರೆ ಸಾಕು. ಗಂಭೀರ ಬೆಳೆನಷ್ಟ ತಡೆಯುವುದೇ ಉದ್ದೇಶವಾಗಿರಬೇಕು, ಬೆದರುಬೊಂಬೆ, ಗ್ಯಾಸ್ ಸಿಡಿತದಂಥ ಉಪಾಯಗಳ ಬಗ್ಗೆಯೂ ಯೋಚಿಸಿರಬೇಕು. ‘ಮೋಜಿಗೆ ಬಂದಿದ್ದೆ’ ಎಂಬ ಉತ್ತರ ಆ ಷರತ್ತಿನೊಳಗೆ ಕೂರುವುದಿಲ್ಲ. ಯಾವ ಹೊಲ, ಯಾವ ಬೆಳೆ, ಏನು ನಷ್ಟ ಎಂದು ಹೇಳಲು ಬರಬೇಕು. ಸ್ಕಾಟ್ಲೆಂಡ್, ವೇಲ್ಸ್‌ಗೆ ಬೇರೆ ಬೇರೆ ಪರವಾನಗಿಗಳಿವೆ. ರೈತನ ಅನುಮತಿ ಕಾಗದದ ಮೇಲಿದ್ದರೆ ಒಳ್ಳೆಯದು.

ಕೋವಿಗೆ ಪೊಲೀಸರು ಕೊಡುವ ಶಾಟ್‌ಗನ್ ಸರ್ಟಿಫಿಕೇಟ್ ಬೇಕು, ಐದು ವರ್ಷಕ್ಕೊಮ್ಮೆ ನವೀಕರಣ, ಮನೆಯಲ್ಲಿ ಬೀಗದ ಕಬ್ಬಿಣದ ಪೆಟ್ಟಿಗೆ. ಊರಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿಯ ವಿನಾಯಿತಿ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣ ದಾಟುವುದಿಲ್ಲ ಎಂದು ಅಲ್ಲಿನ ಕೊಡಗಿನ ಗೆಳೆಯರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇವೆ. ಸರ್ಟಿಫಿಕೇಟ್ ಇಲ್ಲದವರೂ ಖಾಸಗಿ ಜಮೀನಿನಲ್ಲಿ, ಸರ್ಟಿಫಿಕೇಟ್ ಇರುವ ಮಾಲೀಕ ಅಥವಾ ಅವನಿಂದ ಲಿಖಿತ ಅಧಿಕಾರ ಪಡೆದವನ ಸಮ್ಮುಖದಲ್ಲಿ, ಅವನ ಕೋವಿಯನ್ನೇ ಎರವಲು ಪಡೆದು ಹೊಡೆಯಲು ಕಾನೂನು ಅವಕಾಶ ಕೊಟ್ಟಿದೆ. ಹಣ ಕೊಟ್ಟು ಗೈಡ್ ಜೊತೆ ಒಂದು ದಿನ ಹೋಗುವ ಸೇವೆಗಳು ಹೊಸಬರನ್ನು ಹೀಗೆಯೇ ಕರೆದೊಯ್ಯುತ್ತವೆ. ಅಂಥ ಸೇವೆ ಗೊತ್ತುಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ನಿನ್ನೆ ಮೊನ್ನೆ ಆ ಹೊಲ ನೋಡಿ ಬಂದಿದ್ದೀರಾ, ಗಾಳಿ ತಿರುಗಿದರೆ ಬದಲಿ ಹೊಲ ಇದೆಯಾ? ಇಷ್ಟು ಹಕ್ಕಿ ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡುವವರ ಹತ್ತಿರ ಹೋಗಬೇಡಿ.

ಇನ್ನು ಚೀಲ ಬಿಚ್ಚೋಣ.

ಬಲೆ. ಕಿಟ್‌ನ ಪ್ರಾಣ ಇದೇ, ಕಂಪನಿಗಳು ಉಳಿತಾಯ ಮಾಡುವುದೂ ಇಲ್ಲೇ. ಎಲೆಯಾಕಾರಕ್ಕೆ ಕತ್ತರಿಸಿದ ಬಟ್ಟೆಯ ಬಲೆಯನ್ನು ಅಂಗಡಿಯಲ್ಲೇ ಬೆಳಕಿಗೆ ಹಿಡಿದು ನೋಡಿ. ಮಿರುಗಿದರೆ ಬೇಡ, ಮಳೆ ಬಿದ್ದರೆ ಇನ್ನಷ್ಟು ಮಿರುಗುತ್ತದೆ. ಕತ್ತರಿಸಿದ ಎಲೆ ಉದ್ದವಾಗಿ ಜೋತಾಡುತ್ತಿದ್ದರೆ ಕೋವಿಯ ಮುಂಗುರಿಗೆ, ಅಂಗಿಯ ಗುಂಡಿಗೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಳ್ಳುವುದು ಸರಿಯಾಗಿ ಹಕ್ಕಿ ತಲೆ ಮೇಲೆ ಬಂದಾಗಲೇ. ಕಿಟ್‌ನಲ್ಲಿ ಬರುವುದು ಸಾಮಾನ್ಯವಾಗಿ ಕಡುಹಸಿರು. ಬೇಲಿಸಾಲಿನ ಬುಡದಲ್ಲಿ ಅದು ಚೆನ್ನ. ಆಗಸ್ಟ್‌ನ ಒಣ ಕೂಳೆಯ ಎದುರು ಕರಿ ಪೆಟ್ಟಿಗೆಯಂತೆ ಎದ್ದು ಕಾಣುತ್ತದೆ. ಎರಡನೇ ಬಲೆ ಒಣಹುಲ್ಲಿನ ಬಣ್ಣದ್ದಿರಲಿ ಎನ್ನುವುದು ಇದಕ್ಕೇ. ಅದಕ್ಕಿಂತ ದೊಡ್ಡ ಕಾರಣ, ಒಂದೇ ಬಲೆಯಲ್ಲಿ ಬೆನ್ನ ಹಿಂದಿನ ಮರೆ ಆಗುವುದಿಲ್ಲ. ಪಾರಿವಾಳ ಹೈಡನ್ನು (ಬಲೆ ಕಟ್ಟಿ ಅಡಗಿ ಕೂರುವ ಮರೆಯನ್ನು) ಕಂಡುಹಿಡಿಯುವುದು ಮುಂದಿನ ಬಲೆ ನೋಡಿ ಅಲ್ಲ, ಅದರ ಮೇಲಂಚಿನಲ್ಲಿ ಆಕಾಶಕ್ಕೆ ಎದುರಾಗಿ ಅಲುಗುವ ತಲೆ ನೋಡಿ. ಮುಂದಿನ ಬಲೆ ಕುಳಿತವನ ಕಣ್ಣಿನ ಮಟ್ಟಕ್ಕೆ, ಹಿಂದಿನದು ತಲೆಗಿಂತ ಒಂದಡಿ ಮೇಲಕ್ಕೆ. ನೋಡುವುದು ಬಲೆಯ ತೂತಿನಿಂದ, ಮೇಲಿಂದ ಇಣುಕಿ ಅಲ್ಲ. ಕೆಳಗಂಚನ್ನು ಕೊಂಬೆ ಕಲ್ಲು ಇಟ್ಟು ನೆಲಕ್ಕೆ ಒತ್ತಿ. ಪಟಪಟ ಹೊಡೆದುಕೊಳ್ಳುವ ಬಲೆ ಇಡೀ ಹೊಲಕ್ಕೇ ಎಚ್ಚರಿಕೆ ಕೊಟ್ಟಂತೆ. ಅಕ್ಕಪಕ್ಕದ್ದೇ ನಾಲ್ಕು ಹಸಿ ಕೊಂಬೆ ಸಿಕ್ಕಿಸಿ, ರೈತನ ಬೇಲಿ ಕಡಿಯದೆ. ಬಟ್ಟೆ ಒಣಹಾಕುವ ಕ್ಲಿಪ್ ಹತ್ತಿಪ್ಪತ್ತು ಜೇಬಲ್ಲಿರಲಿ, ಯಾವ ಕಿಟ್‌ನಲ್ಲೂ ಸಾಕಷ್ಟು ಬರುವುದಿಲ್ಲ.

ಕಂಬಗಳು ನಾಲ್ಕು ಸಾಲವು, ಐದು ಬೇಕು. ಇಲ್ಲದಿದ್ದರೆ ನಡುವೆ ಬಲೆ ಜೋಲುತ್ತದೆ. ಕೆಳತುದಿಯಲ್ಲಿ ಕಾಲಿಟ್ಟು ಒತ್ತುವ ಪಟ್ಟಿ ಇದೆಯೇ ನೋಡಿ. ತಿರುಚಿ ಬಿಗಿಮಾಡುವ ಪ್ಲಾಸ್ಟಿಕ್ ಕೀಲು ಮಳೆಯಲ್ಲಿ ಜಾರಿ ಕಂಬ ಕುಸಿಯುತ್ತದೆ, ತಿರುಪಿನ ಕೀಲು ಒಳ್ಳೆಯದು. ಬೇಸಿಗೆಯ ಒಣ ಜೇಡಿಗೂ ಕಲ್ಲು ಬೆರೆತ ಸುಣ್ಣದ ನೆಲಕ್ಕೂ ತೆಳು ಕಂಬ ಬಗ್ಗುತ್ತದೆ. ಒಂದು ಕಬ್ಬಿಣದ ಸರಳು, ಸಣ್ಣ ಸುತ್ತಿಗೆ ಒಯ್ದು ಮೊದಲು ತೂತು ಮಾಡಿಕೊಂಡರೆ ಆಯಿತು.

ಸ್ಟೂಲು ಕಿಟ್‌ನಲ್ಲಿ ಬಂದರೂ ಅದನ್ನು ಮೀನು ಹಿಡಿಯುವ ಗೆಳೆಯರಿಗೆ ಕೊಟ್ಟುಬಿಡಿ. ಮೂರು ಕಾಲಿನದು ಉತ್ತ ಮಣ್ಣಿನಲ್ಲಿ ಒಂದು ಕಡೆ ಹೂತು, ಕೋವಿ ಎತ್ತಿದಾಗ ಓಲಾಡುತ್ತದೆ. ತಿರುಗುವ ಮೆತ್ತೆಯ ಮುಚ್ಚಳವಿರುವ ಬಕೆಟ್ ಆಸನ ಎಲ್ಲಕ್ಕಿಂತ ವಾಸಿ. ಒಳಗೆ ತೋಟಾ, ನೀರು, ಬುತ್ತಿ ಹಿಡಿಯುತ್ತದೆ, ಅಗಲ ತಳ ಹೂಳುವುದಿಲ್ಲ.

ಡಿಕಾಯ್ ವಿಷಯದಲ್ಲಿ ಕಿಟ್‌ಗಳನ್ನು ಮೆಚ್ಚಬೇಕು. ಚಿಪ್ಪುಗಳು ಒಂದರೊಳಗೊಂದು ಕೂರುವುದರಿಂದ ಹನ್ನೆರಡಕ್ಕೂ ಒಂದು ಗೇಣು ಜಾಗ ಸಾಕು. ಕಡ್ಡಿಯ ತುದಿಯ ಮೇಲೆ ಗಾಳಿಗೆ ತೂಗಾಡುತ್ತ ಮೇಯುವ ಹಕ್ಕಿಯಂತೆ ಕಾಣುತ್ತವೆ. ಬರಿಯ ಬಣ್ಣದ್ದಕ್ಕಿಂತ ಮಖಮಲ್ಲಿನಂಥ ಪುಡಿ ಮೆತ್ತಿದ್ದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಬರಿಯ ಪ್ಲಾಸ್ಟಿಕ್ ಇಬ್ಬನಿಗೆ ಕನ್ನಡಿಯಾಗುತ್ತದೆ. ಆದರೆ ಆ ಪುಡಿ ಕಡ್ಡಿ ಚುಚ್ಚುವ ತೂತಿನ ಸುತ್ತ ಮೊದಲು ಉದುರುತ್ತದೆ, ಒದ್ದೆಯಲ್ಲೇ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿಯುತ್ತದೆ. ಕತ್ತಿನ ಬಿಳಿ ಮಚ್ಚೆಯನ್ನು ಅಂಗೈಯಗಲ ಬಳಿದ ಮಾದರಿಗಳೂ ಇವೆ, ಮಟ್ಟಸವಾದ ಬೂದು ಬಣ್ಣ ತಂದು ಚಿಕ್ಕದು ಮಾಡಿಕೊಳ್ಳಿ.

ಇಡುವ ಬಗೆ ಕಿಟ್‌ನ ಕಾಗದದಲ್ಲಿ ಒಂದು ಚಿತ್ರವಾಗಿ ಇರುತ್ತದೆ, ಕಾರಣ ಹೇಳಿರುವುದಿಲ್ಲ. ಪಾರಿವಾಳ ಇಳಿಯುವುದು ಗಾಳಿಗೆ ಎದುರಾಗಿ. ಹಾಗಾಗಿ ಗಾಳಿ ಹೈಡಿನ ಬೆನ್ನಿಗೆ, ತುಸು ಓರೆಯಾಗಿ ಇರಬೇಕು. ಹಕ್ಕಿ ಆಗ ಹೈಡಿನ ಕಡೆಗೆ ಬರುತ್ತದೆ, ಆದರೆ ನೇರ ಕಣ್ಣಿಗೆ ಕಣ್ಣಿಟ್ಟು ಬರುವುದಿಲ್ಲ. ಡಿಕಾಯ್‌ಗಳನ್ನು ಕುದುರೆಲಾಳದ ಆಕಾರದಲ್ಲಿ, ತೆರೆದ ಬಾಯಿ ಗಾಳಿ ಹೋಗುವ ಕಡೆಗೆ ಇರುವಂತೆ ಇಡಿ. ಹತ್ತಿರದ ಅಂಚು ಹೈಡಿನಿಂದ ಇಪ್ಪತ್ತು ಗಜ. ಒಂದಕ್ಕೊಂದು ಐದಾರು ಅಡಿ ಅಂತರ, ಒತ್ತೊತ್ತಾಗಿ ನಿಂತ ಪಾರಿವಾಳ ಹಾರಲು ಸಜ್ಜಾದ ಪಾರಿವಾಳ. ಮುಖ ಗಾಳಿಯ ಕಡೆಗೇ, ಆದರೆ ಕವಾಯತಿನ ಸಾಲಿನಂತೆ ಬೇಡ, ಕೆಲವು ಓರೆಯಾಗಿರಲಿ. ಲಾಳದೊಳಗಿನ ಖಾಲಿ ಜಾಗವೇ ಹಕ್ಕಿ ಇಳಿಯಲು ಆರಿಸುವ ಜಾಗ. ದೂರದ ಕೊನೆಯ ಗೊಂಬೆ ಮೂವತ್ತೈದು ಗಜಕ್ಕೆ ನಿಲ್ಲಲಿ, ಅದೇ ನಿಮ್ಮ ಗಡಿಕಲ್ಲು. ಅದರಾಚೆಗೆ ಹೊಡೆದರೆ ಸಾಯುವುದಕ್ಕಿಂತ ಗಾಯಗೊಂಡು ಹೋಗುವುದೇ ಹೆಚ್ಚು.

ಹೊಡೆದ ಹಕ್ಕಿಗಿಂತ ಒಳ್ಳೆಯ ಡಿಕಾಯ್ ಇಲ್ಲ. ಬೀಳುತ್ತ ಬಂದಂತೆ ಪ್ಲಾಸ್ಟಿಕ್ ತೆಗೆದು ಅವನ್ನೇ ಇಡುತ್ತ ಹೋಗಿ, ಗದ್ದದ ಕೆಳಗೆ ಕವಲುಕಡ್ಡಿ ಕೊಟ್ಟು ತಲೆ ನಿಲ್ಲಿಸಿ. ಅಂಗಾತ ಬಿದ್ದದ್ದನ್ನು ಹಾಗೇ ಬಿಟ್ಟರೆ ಮುಂದಿನ ಗುಂಪು ಅಲ್ಲಿಂದಲೇ ತಿರುಗುತ್ತದೆ. ಬೌನ್ಸರಿಗೂ ಸತ್ತ ಹಕ್ಕಿಯೇ ಬೇಕು: ರೆಕ್ಕೆ ಬಿಚ್ಚಿ ಕಟ್ಟಿದರೆ ಗಾಳಿಗೆ ಎದ್ದು ಕೂತು ಇಳಿಯುತ್ತಿರುವ ಹಕ್ಕಿಯಂತೆ ಬಿಳಿ ಪಟ್ಟಿ ಮಿಂಚಿಸುತ್ತದೆ. ಕಿಟ್‌ನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡುವ ವಸ್ತು ಇದು. ಗಾಳಿ ಇಲ್ಲದ ದಿನ ಮಾತ್ರ ಸುಮ್ಮನೆ ಬಾಗಿ ನಿಲ್ಲುತ್ತದೆ, ಆದರೆ ಗಾಳಿ ಇಲ್ಲದ ದಿನ ಪಾರಿವಾಳವೂ ಸರಿಯಾಗಿ ಬರುವುದಿಲ್ಲ.

ಮ್ಯಾಗ್ನೆಟ್ ಕೆಟ್ಟ ಸಾಧನವೇನಲ್ಲ. ಉದ್ದನೆಯ ಎರಡು ತೋಳಿನ ತುದಿಗೆ ಎರಡು ಹಕ್ಕಿ ಕಟ್ಟಿ ನಿಧಾನ ತಿರುಗಿಸಿದರೆ ದೂರದಲ್ಲಿ ಹಾರುವ ಗುಂಪಿನ ಗಮನ ಸೆಳೆಯುತ್ತದೆ. ತೊಂದರೆ ನಾಲ್ಕು ಕಡೆ. ಮೊದಲನೆಯದು ವೇಗ: ನಿಯಂತ್ರಕ ಇಲ್ಲದ ಅಗ್ಗದ ಮಾದರಿ ಗಿರಗಿರ ತಿರುಗುತ್ತದೆ, ಅಷ್ಟು ವೇಗದಲ್ಲಿ ಯಾವ ಪಾರಿವಾಳವೂ ಇಳಿಯುವುದಿಲ್ಲ. ಎರಡನೆಯದು ತೂಕ, ಎರಡು ತುದಿಯ ಹಕ್ಕಿಗಳು ಸಮತೂಕ ಇಲ್ಲದಿದ್ದರೆ ಮೋಟಾರು ಏದುಸಿರು ಬಿಟ್ಟು ಬ್ಯಾಟರಿ ತಿನ್ನುತ್ತದೆ, ತೋಳಿನ ಕೀಲು ಸಡಿಲವಾಗುತ್ತದೆ. ಮೂರನೆಯದು ಬ್ಯಾಟರಿಯೇ. ಸೀಸ-ಆಮ್ಲದ್ದನ್ನು ಖಾಲಿಯಾಗಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಬಿಟ್ಟರೆ ಫಲಕಕ್ಕೆ ಸಲ್ಫೇಟ್ ಕಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ, ಬಳಸದಿದ್ದರೂ ಆಗಾಗ ಚಾರ್ಜ್ ಮಾಡಿಡಬೇಕು. ನಾಲ್ಕನೆಯದು ಹಕ್ಕಿಯ ಬುದ್ಧಿ. ಸುತ್ತಲಿನ ಹೊಲಗಳಲ್ಲೆಲ್ಲ ಇದೇ ಯಂತ್ರ ತಿರುಗುತ್ತಿದ್ದರೆ ಅವು ಅರುವತ್ತು ಗಜದಲ್ಲೇ ಗಕ್ಕನೆ ಹೊರಳುತ್ತವೆ. ಮೊದಲ ನಾಲ್ಕಾರು ಹಕ್ಕಿ ಹಾಗೆ ಮಾಡಿದವೆಂದರೆ ಯಂತ್ರ ಆರಿಸಿ, ಇನ್ನೂ ಒಳ್ಳೆಯದೆಂದರೆ ಕಿತ್ತು ಬೇಲಿಯೊಳಗೆ ಮಲಗಿಸಿ. ಹೊಸಬರು ಇದನ್ನು ಮಾಡುವುದಿಲ್ಲ, ದುಡ್ಡು ಕೊಟ್ಟಾಗಿದೆಯಲ್ಲ! ಎರಡನೇ ವರ್ಷ ಕೊಳ್ಳುವುದಾದರೆ ವೇಗ ನಿಯಂತ್ರಕ, ದೂರದಿಂದಲೇ ಆರಿಸುವ ಸ್ವಿಚ್ಚು ಇರುವುದನ್ನೇ ಕೊಳ್ಳಿ.

ಯಾವ ಚೀಲದಲ್ಲೂ ಬಾರದ ವಸ್ತು ಹೊಲ ನೋಡುವ ಸಮಯ. ಹಿಂದಿನ ದಿನ ಅದೇ ಹೊತ್ತಿಗೆ ದುರ್ಬೀನು ಹಿಡಿದು ಎರಡು ತಾಸು ರಸ್ತೆಬದಿಯಲ್ಲಿ ನಿಲ್ಲಿ. ಎಷ್ಟು ಹಕ್ಕಿ ಕೂತಿವೆ ಎಂಬುದಲ್ಲ, ಯಾವ ದಾರಿಯಲ್ಲಿ ಬರುತ್ತಿವೆ ಎಂಬುದು ಮುಖ್ಯ: ಬೇಲಿಸಾಲಿನ ಉದ್ದಕ್ಕೆ, ಮರಗಳ ನಡುವಿನ ಕಂಡಿಯಲ್ಲಿ, ವಿದ್ಯುತ್ ತಂತಿಯ ಗುಂಟ ಅವಕ್ಕೊಂದು ರಸ್ತೆ ಇರುತ್ತದೆ. ಆ ರಸ್ತೆಯ ಕೆಳಗೆ ಕೂತರೆ ಹನ್ನೆರಡು ಗೊಂಬೆ ಸಾಕು, ಅದರಿಂದ ಇನ್ನೂರು ಗಜ ಆಚೆ ಕೂತರೆ ಅಂಗಡಿಯನ್ನೇ ತಂದಿಟ್ಟರೂ ಬಾರವು. ಹೊಡೆದ ಹಕ್ಕಿಯ ಗಂಟಲಚೀಲ ಬಿಚ್ಚಿ ನೋಡಿ, ನಾಳೆ ಯಾವ ಹೊಲಕ್ಕೆ ಹೋಗಬೇಕೆಂದು ಅಲ್ಲಿರುವ ಕಾಳು ಹೇಳುತ್ತದೆ.

ತೋಟಾ ಪ್ರತ್ಯೇಕ ಖರ್ಚು. 12 ಬೋರ್ ಕೋವಿಗೆ 28ರಿಂದ 30 ಗ್ರಾಂ, 6ನೇ ನಂಬರ್ ಚರೆ ಬಳಕೆಯಲ್ಲಿರುವ ಅಳತೆ. ದಿನವಿಡೀ ಹೊಡೆಯುವುದರಿಂದ ಇದಕ್ಕಿಂತ ಭಾರದ್ದು ಭುಜಕ್ಕೆ ಶಿಕ್ಷೆ. ಸೀಸದ ಚರೆಯನ್ನು ಕೈಬಿಡುವ ತೀರ್ಮಾನವನ್ನು ಬ್ರಿಟನ್ ಸರಕಾರ 2025ರಲ್ಲಿ ಪ್ರಕಟಿಸಿರುವುದರಿಂದ ಈಗ ಶುರುಮಾಡುವವರು ಉಕ್ಕಿನದಕ್ಕೇ ಕೈ ಪಳಗಿಸಿಕೊಳ್ಳುವುದು ಜಾಣತನ. ಉಕ್ಕು ಹಗುರ, ಆದ್ದರಿಂದ ಎರಡು ನಂಬರ್ ದಪ್ಪ ಚರೆ, ಅಂದರೆ 4 ತೆಗೆದುಕೊಳ್ಳಿ (ನಂಬರ್ ಇಳಿದಷ್ಟೂ ಚರೆ ದಪ್ಪ). ನಳಿಗೆಯ ಚೋಕ್ (ತುದಿಯ ಕಿರಿದು) ಅರ್ಧಕ್ಕಿಂತ ಬಿಗಿ ಬೇಡ. ಅಜ್ಜನ ಕಾಲದ ಕೋವಿಯಾದರೆ ಉಕ್ಕು ಹಾಕುವ ಮೊದಲು ಗನ್‌ಸ್ಮಿತ್‌ಗೆ ತೋರಿಸಿ. ಪ್ಲಾಸ್ಟಿಕ್ ವಾಡ್ (ತೋಟಾದೊಳಗೆ ಮದ್ದಿಗೂ ಚರೆಗೂ ನಡುವಿನ ಬಿರಡೆ) ಹೊಲದಲ್ಲೇ ಉಳಿಯುವುದರಿಂದ ಕರಗುವಂಥದ್ದನ್ನೇ ಕೇಳಿ. ಖಾಲಿ ತೋಟಾಗಳನ್ನು ಒಂದೂ ಬಿಡದೆ ಆಯ್ದು ತನ್ನಿ. ಮತ್ತೆ ಕರೆಯುವುದು ಬಿಡುವುದು ರೈತನ ಕೈಯಲ್ಲಿದೆ.

ಹೊಡೆಯಬಾರದ ಹಕ್ಕಿಗಳು ಇದೇ ದಾರಿಯಲ್ಲಿ ಬರುತ್ತವೆ. ಸ್ಟಾಕ್ ಡವ್ ಗಾತ್ರದಲ್ಲಿ ಚಿಕ್ಕದು, ಬಿಳಿ ಮಚ್ಚೆಯೂ ಪಟ್ಟಿಯೂ ಇಲ್ಲ, ರೆಕ್ಕೆಬಡಿತ ಚುರುಕು. ಅದಕ್ಕೆ ರಕ್ಷಣೆ ಇದೆ. ಪಂದ್ಯದ ಪಾರಿವಾಳ ಯಾರದೋ ಸ್ವತ್ತು, ಅದು ಸಾಮಾನ್ಯವಾಗಿ ಹೊಲಕ್ಕೆ ಇಳಿಯದೆ ನೇರ, ವೇಗವಾಗಿ ಹಾದುಹೋಗುತ್ತದೆ. ಬಿಳಿ ಕಾಣುವ ತನಕ ಕೋವಿಯ ಕುದುರೆ (ಟ್ರಿಗರ್) ಎಳೆಯಬೇಡಿ. ಬಲೆಯ ಎತ್ತರಕ್ಕಿಂತ ತಗ್ಗಿಗೆ ಈಡು ಬೇಡವೇ ಬೇಡ, ಇಂಗ್ಲೆಂಡಿನ ಹೊಲಗಳಲ್ಲಿ ಕಾಲುದಾರಿ ಎಲ್ಲಿ ಹಾಯುತ್ತದೆಂದು ನಕ್ಷೆಯಲ್ಲಿ ನೋಡಿಯೇ ಕೂರಬೇಕು. ಹೈಡಿನಿಂದ ಹೊರಗೆ ಕಾಲಿಡುವಾಗ ಕೋವಿ ಖಾಲಿ. ಗಾಯಗೊಂಡ ಹಕ್ಕಿ ಕಂಡರೆ ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ಹಿಡಿದು ಮುಗಿಸಿ.

ಕೊನೆಗೆ ಕಿಟ್ ಮಾಡುವವರು ಮರೆತೇಬಿಡುವ ಒಂದು ಸಾಮಾನು: ನೊಣ ನುಗ್ಗದ, ಗಾಳಿಯಾಡುವ ಬಲೆಚೀಲ. ಬೇಸಿಗೆಯಲ್ಲಿ ಹಕ್ಕಿಗಳನ್ನು ಪ್ಲಾಸ್ಟಿಕ್ ಗೋಣಿಗೆ ತುಂಬಿದರೆ ಮೈಯ ಬಿಸಿಗೆ ಮಧ್ಯಾಹ್ನದೊಳಗೆ ಹಳಸುತ್ತವೆ, ಮಾಂಸದ ವ್ಯಾಪಾರಿ ಮುಟ್ಟುವುದಿಲ್ಲ. ನೆರಳಲ್ಲಿ ಒಂದೊಂದಾಗಿ ಹರಡಿ, ಬಿಸಿ ಆರಿದ ಮೇಲೆ ಚೀಲಕ್ಕೆ ಹಾಕಿ. ಮನೆಗೆ ಒಯ್ಯುವವರು ಎದೆಯ ಎರಡು ತುಂಡು ಬಿಡಿಸಿಕೊಂಡರೆ ಸಾಕು, ಚರೆ ಹೊಕ್ಕ ದಾರಿಯನ್ನು ಬೆರಳಲ್ಲಿ ತಡಕಿ ತೆಗೆಯಿರಿ. ಕೊಬ್ಬಿಲ್ಲದ ಮಾಂಸವಾದ್ದರಿಂದ ಕಾದ ಬಾಣಲೆಯಲ್ಲಿ ಪಕ್ಕಕ್ಕೆರಡು ಮೂರು ನಿಮಿಷ ಸಾಕು. ಮೆಣಸಿನ ಪುಡಿ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸಿಕ್ಕರಂತೂ ಸರಿಯೇ ಸರಿ.