ಯಾರು ಯಾವ ಯೋಜನೆಯಲ್ಲಿ: ಕೋಷ್ಟಕವೇ, ಜಾಲಚಿತ್ರವೇ?

ಕಚೇರಿಯ ಹಾಳೆಗಳು ಹೆಚ್ಚಾಗಿ ಒಂದೇ ತೆರ: ಸಾಲಿಗೊಂದು ಯೋಜನೆ, ಪಕ್ಕದ ಕೋಶದಲ್ಲಿ ಅಲ್ಪವಿರಾಮ ಹಾಕಿ ತುರುಕಿದ ಹೆಸರುಗಳು. ಚಿತ್ರ ಯಾವುದೇ ಬೇಕಿರಲಿ, ಮೊದಲು ಇದನ್ನು ಉದ್ದಕ್ಕೆ ಬಿಡಿಸಬೇಕು: ಒಂದು ಸಾಲಿಗೆ ಒಬ್ಬ ವ್ಯಕ್ತಿ, ಒಂದು ಯೋಜನೆ. ಎಕ್ಸೆಲ್‌ನಲ್ಲಿ ದತ್ತಾಂಶ ಸರಿಪಡಿಸುವ ಸಾಧನವಾದ ಪವರ್ ಕ್ವೆರಿಯಲ್ಲಿ ಕೋಶವನ್ನು ಸಾಲುಗಳಾಗಿ ಒಡೆಯುವ ಸೌಲಭ್ಯವಿದೆ. ಒಡೆದ ಮೇಲೆ ಹೆಸರಿನ ಹಿಂದುಮುಂದಿನ ಖಾಲಿ ಜಾಗವನ್ನು ಅಳಿಸದಿದ್ದರೆ ಒಬ್ಬರೇ ಇಬ್ಬರಾಗಿ ಕುಳಿತಿರುತ್ತಾರೆ.

ಆ ಉದ್ದನೆಯ ಪಟ್ಟಿಯನ್ನು ಸಾಲು-ಕಾಲಂಗಳಾಗಿ ಒಟ್ಟುಗೂಡಿಸುವುದೇ ಪಿವಟ್ ಕೋಷ್ಟಕ; ಅದರಲ್ಲಿ ವ್ಯಕ್ತಿಗಳು ಎಡಕ್ಕೆ, ಯೋಜನೆಗಳು ಮೇಲಕ್ಕೆ. ಯಾರ ಮೇಲೆ ಹೊರೆ ಹೆಚ್ಚು, ಯಾವ ಯೋಜನೆ ಒಬ್ಬರನ್ನೇ ನೆಚ್ಚಿಕೊಂಡಿದೆ ಎಂಬುದು ಥಟ್ಟನೆ ಕಾಣುತ್ತದೆ. 1930ರ ದಶಕದಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಕಲೆಹಾಕಿದ ಹೆಸರಾಂತ ದತ್ತಾಂಶವೊಂದಿದೆ: 18 ಮಹಿಳೆಯರು, 14 ಕೂಟಗಳು, 252 ಕೋಶಗಳಲ್ಲಿ ಯಾರು ಯಾವ ಕೂಟಕ್ಕೆ ಹೋಗಿದ್ದರು ಎಂಬ 89 ಗುರುತುಗಳು. ಸಾಲುಗಳನ್ನು ಸರಿಯಾಗಿ ಜೋಡಿಸಿದರೆ ಸಾಕು, ಎರಡು ಗುಂಪುಗಳು ಬರಿಗಣ್ಣಿಗೇ ಕಾಣುತ್ತವೆ. ಆದರೆ ನೂರಾರು ಜನರಾದರೆ ಕೋಷ್ಟಕ ಪರದೆಯಾಚೆ ಓಡುತ್ತದೆ.

ಆಗ ಜಾಲಚಿತ್ರ: ವ್ಯಕ್ತಿಗಳೂ ಯೋಜನೆಗಳೂ ಚುಕ್ಕೆಗಳು, ಯಾರು ಯಾವುದರಲ್ಲಿದ್ದಾರೆ ಎಂಬುದು ಅವುಗಳ ನಡುವಿನ ಗೆರೆ. ಉಚಿತ ತಂತ್ರಾಂಶ ಗೆಫಿಗೆ ‘ಸೋರ್ಸ್’, ‘ಟಾರ್ಗೆಟ್’ ಎಂಬ ತಲೆಬರಹದ ಎರಡು ಕಾಲಂಗಳ (ಒಂದರಲ್ಲಿ ವ್ಯಕ್ತಿ, ಇನ್ನೊಂದರಲ್ಲಿ ಯೋಜನೆ) ಸಿಎಸ್‌ವಿ ಕಡತ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ, ಕೊಟ್ಟರಾಯಿತು. ಎರಡು ತಂಡಗಳ ನಡುವಿನ ಏಕೈಕ ಕೊಂಡಿ ಯಾರು ಎಂಬ ಪ್ರಶ್ನೆಗೆ ಇದೇ ಮೇಲು. ಆದರೆ ಚಿತ್ರ ಸರಳವಾಗಲೆಂದು ಯೋಜನೆಗಳನ್ನು ಕಿತ್ತುಹಾಕಿ ವ್ಯಕ್ತಿಯಿಂದ ವ್ಯಕ್ತಿಗೆ ಗೆರೆ ಎಳೆಯುವುದು ನನಗೆ ಸರಿಬರುವುದಿಲ್ಲ. ಜೋಡಿಗೊಂದು ಗೆರೆಯಂತೆ ಹತ್ತು ಜನರ ಯೋಜನೆ 45 ಗೆರೆಗಳಾಗುತ್ತದೆ, ಮೂವತ್ತು ಜನರದ್ದು 435! ಪರಸ್ಪರ ಮಾತೇ ಆಡದವರೂ ಅಲ್ಲಿ ಆಪ್ತರು.

ಮೂವತ್ತು ಜನರೊಳಗಿನ ತಂಡಕ್ಕೆ, ಅದರಲ್ಲೂ ಮುದ್ರಿಸಿ ಮೇಲಧಿಕಾರಿಗೆ ಕೊಡುವುದಿದ್ದರೆ, ನನ್ನ ಮತ ಕೋಷ್ಟಕಕ್ಕೆ.