ಸ್ಕ್ರೀನ್ ರೀಡರ್ ಹಾಕ್ಕೊಂಡು ಹೋಮ್ ಸ್ಕ್ರೀನ್ ಜೋಡಿಸೋದು ಹೇಗಿದೆ? ವಾಯ್ಸ್‌ಓವರ್, ಟಾಕ್‌ಬ್ಯಾಕ್ ಎರಡನ್ನೂ ದಿನಾ ಬಳಸೋವಳ ರಿವ್ಯೂ

ನನ್ನ ಫೋನಲ್ಲಿ ನೂರಕ್ಕಿಂತ ಜಾಸ್ತಿ ಆಪ್ ಇವೆ. ಹೋದ ತಿಂಗಳ ತನಕ ಅವು ಇನ್‌ಸ್ಟಾಲ್ ಆದ ವರಸೇಲೇ ಐದು ಪೇಜ್ ತುಂಬಾ ಬಿದ್ದಿದ್ವು. ಕಣ್ಣು ಕಾಣೋರು ಪೇಜ್ ಮೇಲೆ ಒಂದು ಸಲ ಕಣ್ಣಾಡಿಸಿದ್ರೆ ಬೇಕಾದ ಬಣ್ಣ ಸಿಕ್ಕಿಬಿಡತ್ತೆ, ಸ್ಕ್ರೀನ್ ಮೇಲಿರೋದನ್ನ ಧ್ವನೀಲಿ ಓದಿ ಹೇಳೋ ಸ್ಕ್ರೀನ್ ರೀಡರ್ ನಂಬ್ಕೊಂಡಿರೋ ನಮಗೆ ಒಂದೊಂದು ಹೆಸರೂ ಕಿವಿಗೆ ಬೀಳ್ಬೇಕು, ಅದು ಬಿದ್ದ ಮೇಲೆ ಮುಂದಕ್ಕೆ ಫ್ಲಿಕ್ ಮಾಡ್ಬೇಕು, ಅಂದ್ರೆ ಬೆರಳನ್ನ ಪಟ್ಟಂತ ಸರಿಸ್ಬೇಕು, ಅದೂ ಅಲ್ಲ ಅಂದ್ರೆ ಇನ್ನೊಂದು. ಐಫೋನಿನ ಒಂದು ಪೇಜಲ್ಲಿ ಸಾಮಾನ್ಯವಾಗಿ ನಾಲ್ಕು ಕಾಲಮ್, ಆರು ಸಾಲು, ಅಂದ್ರೆ 24 ಐಕಾನ್. ಇಪ್ಪತ್ತನೇ ಜಾಗದಲ್ಲಿರೋ ಆಪ್‌ಗೆ ಮೊದಲನೇದ್ರಿಂದ ಫ್ಲಿಕ್ ಮಾಡ್ಕೊಂಡು ಹೋದ್ರೆ 19 ಸಲ. ಯಾರೋ ಫೋನ್ ಲೈನಲ್ಲಿ ಕಾಯ್ತಾ ಇರೋವಾಗ, ಕೈಯಲ್ಲಿ ಬ್ಯಾಗ್ ಇರೋವಾಗ ಈ 19 ಸಲ ಅನ್ನೋದು ಎಷ್ಟು ಉದ್ದ ಅಂತ ಬಳಸಿದವರಿಗೇ ಗೊತ್ತು.

ಅದಕ್ಕೇ ಒಂದು ಭಾನುವಾರ ಕೂತು ಪೂರ್ತಿ ಜೋಡಿಸ್ದೆ. ಮೊದಲು ಐಫೋನಲ್ಲಿ ವಾಯ್ಸ್‌ಓವರ್ ಹಾಕ್ಕೊಂಡು, ಆಮೇಲೆ ಕೆಲಸಕ್ಕೆ ಬಳಸೋ ಆಂಡ್ರಾಯ್ಡ್ ಫೋನಲ್ಲಿ ಟಾಕ್‌ಬ್ಯಾಕ್ ಹಾಕ್ಕೊಂಡು. ಎರಡೂ 2009ರಲ್ಲೇ ಫೋನಿಗೆ ಬಂದಿದ್ದು, ವಾಯ್ಸ್‌ಓವರ್ ಐಫೋನ್ 3ಜಿಎಸ್ ಜೊತೆ, ಟಾಕ್‌ಬ್ಯಾಕ್ ಆಂಡ್ರಾಯ್ಡ್ 1.6 ಜೊತೆ. ಐಫೋನಿಗೆ ಫೋಲ್ಡರ್ ಬಂದಿದ್ದು ಮುಂದಿನ ವರ್ಷ, ಐಒಎಸ್ 4ರಲ್ಲಿ.

ವಾಯ್ಸ್‌ಓವರಲ್ಲಿ ಐಕಾನ್ ಜರುಗಿಸೋಕೆ ಎರಡು ದಾರಿ. ಒಂದು, ಡಬಲ್ ಟ್ಯಾಪ್ ಮಾಡಿ ಎರಡನೇ ಟ್ಯಾಪಲ್ಲಿ ಬೆರಳು ಎತ್ತದೇ ಹಿಡ್ಕೊಂಡು ಹಾಗೇ ಎಳೆಯೋದು, ಯಾವ ಸಾಲು ಯಾವ ಕಾಲಮ್ ಅಂತ ಅದು ಹೇಳ್ತಾ ಹೋಗತ್ತೆ. ಆಗತ್ತೆ, ಆದ್ರೆ ಬೆರಳು ಸ್ವಲ್ಪ ಎದ್ರೂ ಐಕಾನ್ ಅಲ್ಲೇ ಕೂತ್ಕೊಳ್ಳತ್ತೆ, ಕೈ ನಡುಗೋರಿಗಂತೂ ಇದು ಬೇಡವೇ ಬೇಡ. ಎರಡನೇದು ಆಕ್ಷನ್ ದಾರಿ, ನಾನು ಈ ರಿವ್ಯೂ ಬರೀತಿರೋದೇ ಇದನ್ನ ಹೊಗಳೋಕೆ, ಯಾಕಂದ್ರೆ ವರ್ಷಗಟ್ಲೆ ಐಫೋನ್ ಬಳಸ್ತಿರೋ ನನ್ನ ಸ್ನೇಹಿತರಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿರ್ಲಿಲ್ಲ.

ಹೇಗೆ ಅಂದ್ರೆ, ಯಾವುದಾದ್ರೂ ಆಪ್ ಮೇಲೆ ಫೋಕಸ್ ಇಟ್ಟು, ಅಂದ್ರೆ ಅದರ ಹೆಸರು ಕೇಳಿಸೋ ಹಾಗೆ ಅದರ ಮೇಲೆ ನಿಂತು, ಒಂದು ಬೆರಳಲ್ಲಿ ಕೆಳಗೆ ಫ್ಲಿಕ್ ಮಾಡ್ತಾ ಹೋಗಿ, ‘ಎಡಿಟ್ ಮೋಡ್’ ಅಂತ ಕೇಳಿಸಿದಾಗ ಡಬಲ್ ಟ್ಯಾಪ್. ಈಗ ಜರುಗಿಸಬೇಕಾದ ಆಪ್‌ಗೆ ಹೋಗಿ, ನಾನು ರೆಕಾರ್ಡರ್ ತಗೊಂಡೆ, ಮತ್ತೆ ಕೆಳಗೆ ಫ್ಲಿಕ್, ‘ಮೂವ್’ ಅಂತಲೋ ‘ಡ್ರ್ಯಾಗ್’ ಅಂತಲೋ ಬರತ್ತೆ, ವರ್ಷನ್ ಮೇಲೆ ಪದ ಬೇರೆ ಆಗತ್ತೆ, ಡಬಲ್ ಟ್ಯಾಪ್. ಈಗ ರೆಕಾರ್ಡರ್ ನಿಮ್ಮ ಕೈಯಲ್ಲಿದೆ ಅಂತ ಇಟ್ಕೊಳ್ಳಿ, ಬೆರಳನ್ನ ಸ್ಕ್ರೀನಿಂದ ಪೂರ್ತಿ ಎತ್ತಬಹುದು, ಉಸಿರು ಬಿಟ್ಟು ಯೋಚನೆ ಮಾಡಬಹುದು, ಮೂರು ಬೆರಳಲ್ಲಿ ಸ್ವೈಪ್ ಮಾಡಿ ಬೇರೆ ಪೇಜಿಗೂ ಹೋಗಬಹುದು, ಅದೇನೂ ಕೆಳಗೆ ಬಿದ್ದುಹೋಗಲ್ಲ. ನಾನು ನೋಟ್ಸ್ ಆಪ್ ಮೇಲೆ ಹೋಗಿ ನಿಂತು ಮತ್ತೆ ಫ್ಲಿಕ್ ಮಾಡ್ದೆ, ಇದಕ್ಕಿಂತ ಮುಂಚೆ ಇಡಬೇಕಾ, ಇದಾದ ಮೇಲೆ ಇಡಬೇಕಾ, ಇದರ ಜೊತೆ ಹೊಸ ಫೋಲ್ಡರ್ ಮಾಡಬೇಕಾ, ಇಲ್ಲಾ ಕ್ಯಾನ್ಸಲ್ಲಾ ಅಂತ ಒಂದೊಂದಾಗಿ ಕೇಳ್ತು. ಹೊಸ ಫೋಲ್ಡರ್ ಅಂದೆ, ಆಯ್ತು. ಮೊದಲನೇ ಸಲ ಹೀಗೆ ಮಾಡಿದಾಗ ನಂಗೆ ನಿಜವಾಗ್ಲೂ ಖುಷಿಯಾಯ್ತು, ಯಾರನ್ನೂ ಕರೀದೇ, ಯಾರ ಕೈಗೂ ಫೋನ್ ಕೊಡದೇ ನನ್ನ ಮನೆಯ ಕಪಾಟು ನಾನೇ ಜೋಡಿಸ್ಕೊಂಡ ಹಾಗೆ.

ಒಂದೇ ಸಲಕ್ಕೆ ನಾಲ್ಕೈದು ಆಪ್ ಎತ್ತಬಹುದು ಅನ್ನೋದೂ ಇದೆ. ಒಂದನ್ನ ಎತ್ಕೊಂಡ ಮೇಲೆ ಇನ್ನೊಂದರ ಆಕ್ಷನಲ್ಲಿ ‘ಆಡ್ ಟು ಡ್ರ್ಯಾಗ್ ಸೆಷನ್’ ಸಿಗತ್ತೆ, ಹೀಗೆ ಸೇರಿಸ್ತಾ ಹೋಗಿ ಎಲ್ಲವನ್ನೂ ಒಟ್ಟಿಗೆ ಒಂದು ಫೋಲ್ಡರಿಗೆ ಇಳಿಸಿದ್ರೆ ಅರ್ಧ ಕೆಲಸ ಕಮ್ಮಿ ಆಗತ್ತೆ.

ಫೋಲ್ಡರ್ ಹೆಸರಿನ ವಿಷಯ ಸ್ವಲ್ಪ ಜಾಸ್ತೀನೇ ಹೇಳ್ತೀನಿ. ಫೋನ್ ತಾನೇ ಒಂದು ಹೆಸರು ಇಟ್ಟಿರತ್ತೆ, ಅದನ್ನ ಹಾಗೇ ಬಿಡಬೇಡಿ. ಕಿವಿಗೆ ಮೊದಲ ಅಕ್ಷರದಲ್ಲೇ ಗುರುತು ಸಿಗಬೇಕು, ಆಗ ಪೂರ್ತಿ ಕೇಳೋ ಮುಂಚೆನೇ ಬೆರಳು ಮುಂದಕ್ಕೆ ಹೋಗತ್ತೆ. ನಾನು ‘ದುಡ್ಡು’, ‘ಓಡಾಟ’, ‘ಓದು’, ‘ಮಾತು’ ಅಂತ ಇಟ್ಟಿದ್ದೆ, ಒಂದು ವಾರಕ್ಕೇ ಓಡಾಟ ಮತ್ತು ಓದು ಎರಡೂ ಒಂದೇ ಥರ ಶುರುವಾಗ್ತಿದೆ ಅಂತ ಗೊತ್ತಾಗಿ ಓದು ತೆಗೆದು ‘ಪುಸ್ತಕ’ ಮಾಡ್ದೆ. ಕನ್ನಡದಲ್ಲಿ ಹೆಸರಿಡೋದಾದ್ರೆ ನೀವು ಬಳಸೋ ಧ್ವನಿ ಕನ್ನಡ ಅಕ್ಷರ ಓದತ್ತಾ ಅಂತ ಮೊದಲು ಒಂದು ಹೆಸರಲ್ಲಿ ನೋಡ್ಕೊಳ್ಳಿ. ಇಮೋಜಿ ಮಾತ್ರ ಹಾಕಬೇಡಿ, ನೋಡೋರಿಗೆ ಅದು ಒಂದು ಚಿಕ್ಕ ಚಿತ್ರ, ನಮಗೆ ಅದರ ವಿವರಣೆ ಪೂರ್ತಿ ಓದತ್ತೆ, ದಿನಕ್ಕೆ ಇಪ್ಪತ್ತು ಸಲ ಅದನ್ನ ಕೇಳೋಕಾಗಲ್ಲ. ಇನ್ನೊಂದು, ಐಫೋನಲ್ಲಿ ಫೋಲ್ಡರಿನ ಒಂದು ಪೇಜಿಗೆ ಒಂಬತ್ತೇ ಆಪ್, ಹತ್ತನೇದು ಎರಡನೇ ಪೇಜಿಗೆ ಹೋಗತ್ತೆ. ನಾನು ಒಂಬತ್ತಕ್ಕೇ ನಿಲ್ಲಿಸ್ತೀನಿ, ಎರಡನೇ ಪೇಜಿಗೆ ಹೋದ ಆಪ್ ಇದೆ ಅನ್ನೋದೇ ಮರೆತುಹೋಗತ್ತೆ.

ಫೋಲ್ಡರಿಗಿಂತ ನಂಗೆ ಜಾಸ್ತಿ ಉಪಯೋಗ ಆಗಿರೋದು ಮೂಲೆಗಳು. ಸ್ಕ್ರೀನಿನ ಅಂಚು ಬೆರಳಿಗೆ ಸಿಗತ್ತೆ, ಆದ್ದರಿಂದ ಮೂಲೇಲಿರೋ ಐಕಾನ್ ಹುಡುಕೋದೇ ಬೇಡ, ಕೈ ತಾನಾಗೇ ಹೋಗತ್ತೆ. ಮೇಲೆ ಎಡಕ್ಕೆ ಮೆಸೇಜ್, ಮೇಲೆ ಬಲಕ್ಕೆ ಕ್ಯಾಮೆರಾದಲ್ಲಿ ಅಕ್ಷರ ಓದಿ ಹೇಳೋ ಆಪ್, ಕೆಳಗೆ ಡಾಕಲ್ಲಿ ಫೋನ್ ಮತ್ತು ವಾಟ್ಸಾಪ್, ಡಾಕಿನ ಬಲ ತುದಿಗೆ ದುಡ್ಡು ಫೋಲ್ಡರ್. ಹೌದು, ಡಾಕಲ್ಲಿ ಫೋಲ್ಡರ್ ಇಡಬಹುದು, ಯಾವ ಪೇಜಲ್ಲಿದ್ರೂ ಡಾಕ್ ಅಲ್ಲೇ ಇರೋದ್ರಿಂದ ಆ ನಾಲ್ಕು ಜಾಗ ಚಿನ್ನ ಇದ್ದ ಹಾಗೆ. ಮೂಲೆ ಮೇಲೆ ಒಂದು ಬೆರಳು ಇಟ್ಟು ಹೆಸರು ಕೇಳಿದ ತಕ್ಷಣ ಇನ್ನೊಂದು ಬೆರಳಲ್ಲಿ ಎಲ್ಲಾದ್ರೂ ತಟ್ಟಿದ್ರೆ ಓಪನ್ ಆಗತ್ತೆ, ಇದು ಅಭ್ಯಾಸ ಆದ್ರೆ ಡಬಲ್ ಟ್ಯಾಪಿಗಿಂತ ಬೇಗ.

ಅಪರೂಪಕ್ಕೆ ಬಳಸೋ ಆಪ್‌ಗಳನ್ನ ಹೋಮ್ ಸ್ಕ್ರೀನಿಂದಾನೇ ತೆಗೆದೆ. 2020ರ ಐಒಎಸ್ 14ರಿಂದ ಆಪ್ ಲೈಬ್ರರಿ ಇದೆ, ಡಿಲೀಟ್ ಮಾಡದೇ ಅಲ್ಲಿಗೆ ಕಳಿಸಬಹುದು. ಅದು ತಾನೇ ಮಾಡೋ ಗುಂಪುಗಳು ನಂಗೆ ಕೆಲಸಕ್ಕೆ ಬರಲ್ಲ, ಮೇಲಿರೋ ಸರ್ಚ್ ಮೇಲೆ ಡಬಲ್ ಟ್ಯಾಪ್ ಮಾಡಿದ್ರೆ ಅಕ್ಷರ ಕ್ರಮದಲ್ಲಿ ಲಿಸ್ಟ್ ಬರತ್ತೆ, ಅದು ಸಾಕು.

ಆಂಡ್ರಾಯ್ಡಲ್ಲಿ ಕಥೆ ಲಾಂಚರ್ ಮೇಲೆ, ಅಂದ್ರೆ ಹೋಮ್ ಸ್ಕ್ರೀನ್ ನಡೆಸೋ ಆಪ್ ಮೇಲೆ ನಿಂತಿದೆ, ಇದನ್ನ ಫೋನ್ ತಗೊಳ್ಳೋ ಮುಂಚೆನೇ ತಿಳ್ಕೊಳ್ಳಿ. ಒಳ್ಳೇ ಲಾಂಚರ್ ಆದ್ರೆ ಐಕಾನ್ ಮೇಲೆ ನಿಂತು ಮೂರು ಬೆರಳಲ್ಲಿ ಒಂದು ಸಲ ತಟ್ಟಿ, ಹಳೇ ಫೋನಾದ್ರೆ ಒಂದು ಬೆರಳನ್ನ ಕೆಳಗೆ ಎಳೆದು ಬಲಕ್ಕೆ ತಿರುಗಿಸಿ, ಟಾಕ್‌ಬ್ಯಾಕ್ ಮೆನು ಬರತ್ತೆ, ಅದರಲ್ಲಿ ಆಕ್ಷನ್ಸ್, ಅಲ್ಲಿ ಐಕಾನ್ ಜರುಗಿಸೋದು, ಹೋಮ್ ಸ್ಕ್ರೀನಿಂದ ತೆಗೆಯೋದು, ಅನ್‌ಇನ್‌ಸ್ಟಾಲ್ ಎಲ್ಲಾ ಬೇರೆ ಬೇರೆ ಇರತ್ತೆ. ಜರುಗಿಸು ಅಂದ ಮೇಲೆ ಖಾಲಿ ಜಾಗಗಳನ್ನ ಎಷ್ಟನೇ ಸಾಲು ಎಷ್ಟನೇ ಕಾಲಮ್ ಅಂತ ಹೇಳತ್ತೆ, ಬೇರೆ ಐಕಾನ್ ಮೇಲೆ ಹೋದ್ರೆ ಇದರ ಜೊತೆ ಫೋಲ್ಡರ್ ಮಾಡು ಅನ್ನತ್ತೆ. ಈ ಸಾಲು ಕಾಲಮ್ ಲೆಕ್ಕ ನಂಗೆ ತುಂಬಾ ಇಷ್ಟ, ಬೇಕಾದ ಮೂಲೆಗೆ ನೇರವಾಗಿ ಇಡಬಹುದು, ಮಧ್ಯೆ ಖಾಲಿ ಬಿಟ್ರೂ ನಡೆಯತ್ತೆ.

ಆದ್ರೆ ನನ್ನ ಹಿಂದಿನ ಫೋನಿನ ಲಾಂಚರಲ್ಲಿ ಈ ಆಕ್ಷನ್ ಒಂದೂ ಇರ್ಲಿಲ್ಲ, ಎಳೆಯೋದೊಂದೇ ದಾರಿ, ಎಳೆಯೋವಾಗ ಎಲ್ಲಿದ್ದೀನಿ ಅಂತಲೂ ಹೇಳ್ತಿರ್ಲಿಲ್ಲ. ಒಂದು ಸಂಜೆ ಪೂರ್ತಿ ಕೂತು ಕೊನೆಗೆ ಸಿಕ್ಕಿದ್ದು ಹೆಸರಿಲ್ಲದ ಮೂರು ಫೋಲ್ಡರ್, ಅಲಾರಂ ಆಪ್ ಅದರಲ್ಲಿ ಯಾವುದರೊಳಗೆ ಹೋಯ್ತು ಅಂತ ಒಂದೊಂದೂ ತೆಗೆದು ಹುಡುಕಿದೆ. ಆವತ್ತು ತುಂಬಾ ಬೇಜಾರಾಯ್ತು, ನಾಲ್ಕು ಸಾಲು ಕೋಡ್ ಸೇರಿಸಿದ್ರೆ ಯಾರೋ ಒಬ್ಬರ ಸಂಜೆ ಉಳೀತಿತ್ತು ಅಂತ ಈಗಲೂ ಅನ್ಸತ್ತೆ. ಕೊನೆಗೆ ಬೇರೆ ಲಾಂಚರ್ ಹಾಕ್ಕೊಂಡೆ, ಆಂಡ್ರಾಯ್ಡಲ್ಲಿ ಆ ಸ್ವಾತಂತ್ರ್ಯ ಇರೋದು ದೊಡ್ಡ ಪ್ಲಸ್.

ಸ್ಟಾರ್ ಕೊಡಬೇಕು ಅಂದ್ರೆ ವಾಯ್ಸ್‌ಓವರಿನ ಆಕ್ಷನ್ ದಾರಿಗೆ ಐದಕ್ಕೆ ನಾಲ್ಕೂವರೆ, ಒಳ್ಳೇ ಲಾಂಚರ್ ಜೊತೆಗಿನ ಟಾಕ್‌ಬ್ಯಾಕಿಗೆ ನಾಲ್ಕು. ಶುರು ಮಾಡೋ ಮುಂಚೆ ಯಾವ ಆಪ್ ಎಲ್ಲಿ ಅಂತ ನೋಟ್ಸಲ್ಲಿ ಬರ್ಕೊಂಡು ಕೂತ್ಕೊಳ್ಳಿ, ಐಫೋನಲ್ಲಿ ಎಲ್ಲಾ ಕಲಸಿಹೋದ್ರೆ ಸೆಟ್ಟಿಂಗ್ಸಲ್ಲಿ ಜನರಲ್ ಒಳಗಿರೋ ‘ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್’ ತೆಗೆದು ಅಲ್ಲಿರೋ ರೀಸೆಟ್ಟಿಗೆ ಹೋಗಿ ಹೋಮ್ ಸ್ಕ್ರೀನ್ ಲೇಔಟ್ ಮಾತ್ರ ರೀಸೆಟ್ ಮಾಡಬಹುದು, ಆಪ್ ಯಾವುದೂ ಹೋಗಲ್ಲ, ನೀವು ಮಾಡಿದ ಫೋಲ್ಡರ್‌ಗಳು ಮಾತ್ರ ಹೋಗತ್ತೆ. ಅದೇ ಸಾಲಿನ ಪಕ್ಕದಲ್ಲೇ ಎಲ್ಲಾ ಡೇಟಾ ಅಳಿಸೋ ಆಯ್ಕೆಗಳೂ ಇವೆ, ಹಾಗಾಗಿ ಅಲ್ಲಿ ಡಬಲ್ ಟ್ಯಾಪ್ ಮಾಡೋ ಮುಂಚೆ ಹೆಸರು ಪೂರ್ತಿ ಕೇಳಿಸ್ಕೊಳ್ಳಿ.